ತಂಡಕ್ಕೆ ಹೊಸ ದಳವಾಯಿ

ಪಾಳೆಯಗಾರರ ಆಳ್ವಿಕೆಯನ್ನು ಕಂಡ ನಮ್ಮ ದುರ್ಗದ ಸೀಮೆಯವರಿಗೆ ದಳವಾಯಿಯೆಂದರೆ ಯಾರೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೋಟೆ ನಾಯಕನದಾದರೂ ಪಡೆಯ ಲಗಾಮು ದಳವಾಯಿಯ ಕೈಯಲ್ಲಿ. ಗೆದ್ದರೆ ಕೀರ್ತಿಯು ನಾಯಕನಿಗೆ, ಸೋತರೆ ದೂರು ದಳವಾಯಿಗೆ. ದಳವಾಯಿ ಮುದ್ದಣ್ಣನು ನಾಯಕರನ್ನೇ ಇಳಿಸಿ ಏರಿಸುವಷ್ಟು ಬೆಳೆದ ಕಥೆಯನ್ನು ತ. ರಾ. ಸುಬ್ಬರಾಯರ ಕಾದಂಬರಿಗಳಲ್ಲಿ ಓದದವರು ಈ ಭಾಗದಲ್ಲಿ ವಿರಳ. ಇಂದಿನ ಕಾಲ್ಚೆಂಡಾಟದ ಸಂಘಗಳಲ್ಲಿ ಮ್ಯಾನೇಜರ್ ಎಂದೋ ಮುಖ್ಯ ಶಿಕ್ಷಕನೆಂದೋ ಕರೆಯಿಸಿಕೊಳ್ಳುವವನ ಸ್ಥಾನವೂ ಹೆಚ್ಚುಕಡಮೆ ಇಂತಹುದೇ. ಭೇದವೇನೆಂದರೆ ಈತನು ಒಡೆಯನನ್ನು ಬದಲಾಯಿಸಲಾರನು. ಒಡೆಯನೇ ಈತನನ್ನು ಬದಲಾಯಿಸುವನು, ಅದೂ ನಾಲ್ಕು ಸಾಲಿನ ಪ್ರಕಟಣೆಯ ಮೂಲಕ.

೨೦೨೩ನೆಯ ಇಸವಿ ಡಿಸೆಂಬರ್ ೮ನೆಯ ತಾರೀಖಿನ ರಾತ್ರಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್.ಸಿ. ತಂಡವು ತನ್ನ ಜನರ ಕಣ್ಣೆದುರಿಗೇ ಮುಂಬಯಿಯವರಿಗೆ ನಾಲ್ಕು ಗೋಲುಗಳನ್ನು ಬಿಟ್ಟುಕೊಟ್ಟು, ತಾನೊಂದನ್ನೂ ಹೊಡೆಯಲಾರದೆ ಸೋತಿತು. ಮರುದಿನವೇ ತಂಡದ ಮುಖ್ಯ ಶಿಕ್ಷಕರಾಗಿದ್ದ ಇಂಗ್ಲೆಂಡಿನ ಮಿ. ಸೈಮನ್ ಗ್ರೇಸನ್ನರಿಗೆ ವಿದಾಯ ಹೇಳಲಾಯಿತು. ಇದೇ ಗ್ರೇಸನ್ನರು ೨೦೨೨ನೆಯ ಸೆಪ್ಟೆಂಬರಿನಲ್ಲಿ ಕಲ್ಕತ್ತೆಯಲ್ಲಿ ಇದೇ ಮುಂಬಯಿಯವರನ್ನು ಸೋಲಿಸಿ ಡ್ಯುರಾಂಡ್ ಕಪ್ಪನ್ನು ಮೊತ್ತಮೊದಲಾಗಿ ಬೆಂಗಳೂರಿಗೆ ತಂದವರು. ಅದರ ಮುಂದಿನ ವರ್ಷ ಒಂದರ ಮೇಲೊಂದರಂತೆ ಎಂಟು ಪಂದ್ಯಗಳನ್ನು ಗೆಲ್ಲಿಸಿ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯದವರೆಗೆ ತಂಡವನ್ನು ಮುಟ್ಟಿಸಿದವರು. ಹದಿನೈದು ತಿಂಗಳೊಳಗೆ ಹಾರವೂ ಬಿತ್ತು, ಗಂಟುಮೂಟೆಯೂ ಕಟ್ಟಿತು. ಅದೇ ಡಿಸೆಂಬರಿನಲ್ಲಿ ಸ್ಪೇನ್ ದೇಶದ ಮಿ. ಜೆರಾರ್ಡ್ ಜರಗೋಜಾ ಎಂಬವರು ನೇಮಕಗೊಂಡರು.

ಹೀಗೆ ಹೊಸಬರೊಬ್ಬರ ಹೆಸರು ಹೊರಬಿದ್ದ ದಿನ ಅಭಿಮಾನಿಗಳ ಬಾಯಿಂದ ಬರುವ ಮಾತುಗಳನ್ನು ಕೇಳುವುದು ಬಹಳ ಬೋಧಪ್ರದವಾಗಿರುತ್ತದೆ. 'ಈತನು ಯಾರು? ಇಲ್ಲಿಯವರೆಗೆ ಏನು ಗೆದ್ದಿದ್ದಾನೆ?' ಎಂಬುದು ಮೊದಲನೆಯ ಪ್ರಶ್ನೆ. ಹೋದವನು ಒಳ್ಳೆಯವನೇ, ಆಟಗಾರರೇ ಕೈಬಿಟ್ಟರು ಎನ್ನುವವರು ಕೆಲವರು. ಹೋದುದೇ ಲೇಸು, ಇನ್ನೂ ಮೊದಲೇ ಹೋಗಬೇಕಾಗಿತ್ತು ಎನ್ನುವವರು ಹಲವರು. ಕ್ರೀಡಾಂಗಣದ ಪಶ್ಚಿಮ ಭಾಗದಲ್ಲಿ ನೀಲಿಯ ಅಂಗಿ ತೊಟ್ಟು, ತಮಟೆ ಬಡಿಯುತ್ತ ತೊಂಬತ್ತು ನಿಮಿಷವೂ ನಿಂತೇ ಹಾಡುವ 'ವೆಸ್ಟ್ ಬ್ಲಾಕ್ ಬ್ಲೂಸ್' ಎಂಬ ಬಳಗವೊಂದುಂಟು. ಅವರ ಹಾಡುಗಳಲ್ಲಿ ಹಳೆಯ ಶಿಕ್ಷಕರ ಹೆಸರುಗಳೂ ಬೆರೆತಿರುವಾಗ ಹೊಸ ಹೆಸರಿಗೆ ನಾಲಗೆ ಹೊರಳಲು ಕೆಲವು ಪಂದ್ಯಗಳಾದರೂ ಬೇಡವೆ?

ಇದನ್ನೆಲ್ಲ ಹುಡುಗಾಟಿಕೆಯೆಂದು ತಳ್ಳಿಹಾಕುವ ಹಿರಿಯರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ದುರ್ಗದ ತರುಣನೊಬ್ಬನು ಈ ತಂಡದ ಪಂದ್ಯವನ್ನು ಕಣ್ಣಾರೆ ನೋಡಬೇಕಾದರೆ ಸುಮಾರು ಇನ್ನೂರು ಕಿಲೋಮೀಟರು ಬಸ್ಸಿನಲ್ಲಿ ಕುಳಿತು, ಹಿರಿಯೂರು, ಸಿರಾ, ತುಮಕೂರುಗಳನ್ನು ದಾಟಿ ಹೋಗಬೇಕು. ರಾತ್ರಿ ಏಳೂವರೆಗೆ ಆರಂಭವಾದ ಆಟ ಮುಗಿಯುವಾಗ ಒಂಬತ್ತೂವರೆ. ಆಮೇಲೆ ಬಸ್ಸು ಹಿಡಿದು ಕೋಟೆಯ ಕೆಳಗೆ ಇಳಿಯುವ ವೇಳೆಗೆ ಎರಡನೆಯ ಜಾವವು ಕಳೆದಿರುತ್ತದೆ. ಗಿರಾಕಿಯಾದವನು ಸರಕು ಹಿಡಿಸದಿದ್ದರೆ ಮುಂದಿನ ಅಂಗಡಿಗೆ ಹೋಗುತ್ತಾನೆ. ನಾಲ್ಕು ಗೋಲುಗಳಿಂದ ಸೋತ ಮೇಲೂ ಮುಂದಿನ ಪಂದ್ಯಕ್ಕೆ ಪುನಃ ಬಸ್ಸು ಹತ್ತುವವನನ್ನು ಗಿರಾಕಿಯೆಂದು ಕರೆಯಲು ನಮಗೆ ಮನಸ್ಸು ಬಾರದು.

ಅಭಿಮಾನಿಗಳ ಸಂಶಯವು ಎಷ್ಟು ಸಲ ಸುಳ್ಳಾಯಿತೆಂಬುದಕ್ಕೂ ಈ ತಂಡದ ಚರಿತ್ರೆಯೇ ಸಾಕ್ಷಿಯಾಗಿದೆ. ೨೦೧೩ರಲ್ಲಿ ಹುಟ್ಟಿದ ತಂಡಕ್ಕೆ ಮೊದಲ ಶಿಕ್ಷಕರಾಗಿ ಬಂದವರು ಇಂಗ್ಲೆಂಡಿನ ಮಿ. ಆಶ್ಲಿ ವೆಸ್ಟ್‌ವುಡ್. ಹುಟ್ಟಿದ ವರ್ಷದಲ್ಲಿಯೇ ಐ-ಲೀಗ್ ಪ್ರಶಸ್ತಿ. ಮರುವರ್ಷ ಫೆಡರೇಷನ್ ಕಪ್. ಮೂರನೆಯ ವರ್ಷ ಪುನಃ ಐ-ಲೀಗ್. ಇಂತಹವರು ೨೦೧೬ರಲ್ಲಿ ತೆರಳಿದಾಗ, ಅವರ ಸ್ಥಾನಕ್ಕೆ ಬಂದ ಸ್ಪೇನಿನ ಮಿ. ಆಲ್ಬರ್ಟ್ ರೋಕಾರನ್ನು ಜನ ಅನುಮಾನದಿಂದ ನೋಡಿದುದರಲ್ಲಿ ಆಶ್ಚರ್ಯವೇನು? ಬಾರ್ಸಿಲೋನಾದಂತಹ ಮಹಾಸಂಘದಲ್ಲಿ ಉಪಶಿಕ್ಷಕರಾಗಿದ್ದವರೆಂಬ ಖ್ಯಾತಿ ಅವರಿಗಿತ್ತು, ನಿಜ. ಆದರೆ ಉಪಶಿಕ್ಷಕನ ಖ್ಯಾತಿ ಮುಖ್ಯ ಶಿಕ್ಷಕನ ಯೋಗ್ಯತೆಗೆ ಪ್ರಮಾಣವಾದೀತೆ? ರೋಕಾ ಅವರು ತಂಡದ ಆಟದ ರೀತಿಯನ್ನೇ ಬದಲಾಯಿಸಲು ಹೊರಟರು. ಚೆಂಡನ್ನು ದೂರಕ್ಕೆ ಒದ್ದು ಅದರ ಹಿಂದೆ ಓಡುವುದನ್ನು ಕಡಮೆಮಾಡಿಸಿ, ಅದನ್ನು ನೆಲದ ಮೇಲೆಯೇ ಒಬ್ಬರಿಂದೊಬ್ಬರಿಗೆ ದಾಟಿಸುವ ಅಭ್ಯಾಸವನ್ನು ಬೋಧಿಸಿದರು. ಅವರು ಬಂದು ನಾಲ್ಕು ತಿಂಗಳು ತುಂಬುವುದರೊಳಗೆ, ಅಕ್ಟೋಬರ್ ೧೯ರಂದು, ಏಷ್ಯದ ಎ.ಎಫ್.ಸಿ. ಕಪ್ಪಿನ ಹಿಂದಿನ ವಿಜೇತರಾಗಿದ್ದ ಮಲೇಷಿಯದ ಜೊಹೋರ್ ತಂಡವು ಕಂಠೀರವದಲ್ಲಿ ಮೂರಕ್ಕೊಂದು ಗೋಲುಗಳಿಂದ ಸೋತುಹೋಯಿತು. ಆ ಮೂರರಲ್ಲಿ ಎರಡು ಶ್ರೀ ಸುನೀಲ್ ಛೇತ್ರಿಯವರವು. ಭಾರತದ ಸಂಘವೊಂದು ಆ ಸ್ಪರ್ಧೆಯ ಅಂತಿಮ ಪಂದ್ಯವನ್ನು ಮುಟ್ಟಿದುದು ಅದೇ ಮೊದಲು. ದೋಹಾ ನಗರದಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ ಒಂದೇ ಗೋಲಿನಿಂದ ಸೋತರೂ, ಆ ವರ್ಷ ಮಳೆಗಾಲದಲ್ಲಿ 'ಈತನು ಯಾರು?' ಎಂದು ಕೇಳಿದವರೇ ಕಾರ್ತಿಕಕ್ಕೆ ಆತನ ಹೆಸರನ್ನು ಹಾಡುತ್ತಿದ್ದರು.

ರೋಕಾ ಅವರ ತರುವಾಯ ೨೦೧೮ರಲ್ಲಿ ಅವರ ಸಹಾಯಕರಾಗಿದ್ದ ಮಿ. ಕಾರ್ಲೆಸ್ ಕ್ವಾದ್ರಾತ್ ಪಟ್ಟವೇರಿದರು. ಆ ನೇಮಕಕ್ಕೆ ಗೊಣಗಾಟ ಹುಟ್ಟಲು ಕಾರಣವೇ ಇರಲಿಲ್ಲ. ಮನೆಯವನೇ ಮನೆಯ ಯಜಮಾನಿಕೆ ವಹಿಸಿದಂತಾಯಿತು. ೨೦೧೯ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ಗೋವೆಯವರ ವಿರುದ್ಧ ನಡೆದ ಅಂತಿಮ ಪಂದ್ಯದಲ್ಲಿ, ಹೆಚ್ಚುವರಿ ಕಾಲದ ಕಡೆಯ ನಿಮಿಷಗಳಲ್ಲಿ ಶ್ರೀ ರಾಹುಲ್ ಭೇಕೆಯವರು ತಲೆಯಿಂದ ಹೊಡೆದ ಗೋಲು ಸೂಪರ್ ಲೀಗ್ ಪ್ರಶಸ್ತಿಯನ್ನು ಬೆಂಗಳೂರಿಗೆ ತಂದಿತು. ಎರಡು ವರ್ಷಗಳೂ ಕಳೆದಿರಲಿಲ್ಲ. ೨೦೨೧ನೆಯ ಜನವರಿಯಲ್ಲಿ ಸಾಲಾಗಿ ಮೂರು ಪಂದ್ಯಗಳಲ್ಲಿ ತಂಡ ಸೋತ ಕೂಡಲೆ ಕ್ವಾದ್ರಾತರು ನಿರ್ಗಮಿಸಿದರು. ಮಹಾಮಾರಿಯ ದೆಸೆಯಿಂದ ಆ ವರ್ಷದ ಪಂದ್ಯಗಳೆಲ್ಲ ಗೋವೆಯಲ್ಲಿ, ಪ್ರೇಕ್ಷಕರಿಲ್ಲದ ಅಂಗಳಗಳಲ್ಲಿ ನಡೆಯುತ್ತಿದ್ದುವು. ಪ್ರಶಸ್ತಿ ತಂದುಕೊಟ್ಟವನನ್ನು ಬೀಳ್ಕೊಡಲು ಪಶ್ಚಿಮದ ಮೆಟ್ಟಿಲುಗಳ ಮೇಲೆ ಒಬ್ಬ ಮನುಷ್ಯನೂ ನಿಲ್ಲುವಂತಿರಲಿಲ್ಲ. ಅನೇಕ ಅಭಿಮಾನಿಗಳ ಮನಸ್ಸಿನಲ್ಲಿ ಉಳಿದ ಕೊರಗು ಸೋಲಿನದಲ್ಲ, ಇದರದು.

ಇಲ್ಲಿ ಸ್ವದೇಶಾಭಿಮಾನಿಗಳಾದ ವಾಚಕರು ಒಂದು ಆಕ್ಷೇಪವನ್ನೆತ್ತಬಹುದು. ವೆಸ್ಟ್‌ವುಡ್, ರೋಕಾ, ಕ್ವಾದ್ರಾತ್, ಜರ್ಮನಿಯ ಪೆಟ್ಸೈವೊಲಿ, ಗ್ರೇಸನ್, ಜರಗೋಜಾ—ಹತ್ತು ವರ್ಷಗಳಲ್ಲಿ ಕಾಯಂ ಆಗಿ ನೇಮಕಗೊಂಡ ಆರು ಮಂದಿಯಲ್ಲಿ ಒಬ್ಬನಾದರೂ ಭಾರತೀಯನಿಲ್ಲವಷ್ಟೆ? ಶ್ರೀ ನೌಷಾದ್ ಮೂಸಾ, ಶ್ರೀ ರೆನೆಡಿ ಸಿಂಗ್ ಇವರಂತಹವರಿಗೆ ಆ ಅವಧಿಯಲ್ಲಿ ದೊರೆತುದು ಒಬ್ಬನು ಹೋಗಿ ಇನ್ನೊಬ್ಬನು ಬರುವವರೆಗಿನ ಹಂಗಾಮಿ ಕೆಲಸ ಮಾತ್ರ. ಈ ಆಕ್ಷೇಪವನ್ನು ನಾವು ಲಘುವಾಗಿ ಕಾಣುವುದಿಲ್ಲ. ಆದರೆ ಪರದೇಶಿಯೆಂಬ ಒಂದೇ ಕಾರಣದಿಂದ ಗುರುವನ್ನು ನಿರಾಕರಿಸುವುದೂ ನಮ್ಮ ನಾಡಿನ ಸಂಪ್ರದಾಯವಲ್ಲ. ನಮ್ಮ ಊರ ಮಗ್ಗುಲಲ್ಲಿರುವ ಚಂದ್ರವಳ್ಳಿಯ ನೆಲವನ್ನು ೧೯೨೯ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ ೧೯೪೭ರಲ್ಲಿ ವೀಲರ್ ಸಾಹೇಬರೂ ಅಗೆಯಿಸಿದರು. ಆ ನೆಲದಿಂದ ರೋಮಕ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ಹೊರಬಂದುವು. ಅದನ್ನು ಇಲ್ಲಿ ಚಲಾಯಿಸಿದವರು ನಾಣ್ಯದ ಮೇಲಿನ ಮುಖ ಯಾರದೆಂದು ಕೇಳಿರಲಾರರು, ಬೆಳ್ಳಿ ಎಷ್ಟು ತೂಗುತ್ತದೆಂದು ಕೇಳಿರಬೇಕು.

ತೂಕದ ಮಾತು ಬಂದ ಮೇಲೆ ನಮ್ಮವರನ್ನೂ ತಕ್ಕಡಿಗೆ ಹಾಕೋಣ. ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಂ ಸಾಹೇಬರು ವೃತ್ತಿಯಿಂದ ಶಾಲೆಯ ಉಪಾಧ್ಯಾಯರು. ಅವರ ಶಿಕ್ಷಣದಲ್ಲಿ ಭಾರತವು ೧೯೫೧ರಲ್ಲಿ ದೆಹಲಿಯಲ್ಲಿಯೂ ೧೯೬೨ರಲ್ಲಿ ಜಕಾರ್ತಾದಲ್ಲಿಯೂ ಏಷ್ಯದ ಚಿನ್ನವನ್ನು ಗೆದ್ದಿತು; ೧೯೫೬ರ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಅಂದಿನಿಂದ ಇಂದಿನವರೆಗೆ ಯಾವ ಪರದೇಶದ ಶಿಕ್ಷಕನೂ ಭಾರತಕ್ಕೆ ಅಷ್ಟನ್ನು ತಂದುಕೊಟ್ಟಿಲ್ಲ. ನಮ್ಮ ಸೀಮೆಯದೇ ಲೆಕ್ಕ ತೆಗೆದರೆ, ೧೯೩೭ರಲ್ಲಿ ಸೈನಿಕ ತಂಡಗಳ ಸ್ವತ್ತಾಗಿದ್ದ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡವು ಬೆಂಗಳೂರು ಮುಸ್ಲಿಮ್ಸ್. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಸ್ವತಂತ್ರ ಭಾರತದ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ೨೦೨೩ರ ಮಾರ್ಚ್ ೪ರಂದು ದೂರದ ರಿಯಾಧ್ ನಗರದಲ್ಲಿ ಕರ್ನಾಟಕದ ಹುಡುಗರು ಮೇಘಾಲಯವನ್ನು ಸೋಲಿಸಿ, ಐವತ್ತನಾಲ್ಕು ವರ್ಷಗಳ ತರುವಾಯ ಸಂತೋಷ್ ಟ್ರೋಫಿಯನ್ನು ಮರಳಿ ತಂದರು. ಆ ದಿನ ನಾಡಿನ ಮಾತೆಲ್ಲ ಅದರ ಹಿಂದಿನ ರಾತ್ರಿ ಕಂಠೀರವದಲ್ಲಿ ನಡೆದ ಒಂದು ಗದ್ದಲದ ಸುತ್ತಲೇ ಸುತ್ತುತ್ತಿದ್ದುದು ಬೇರೆಯ ಮಾತು.

ಆ ಗದ್ದಲವನ್ನೂ ಇಲ್ಲಿ ನೆನೆಯಬೇಕಾಗಿದೆ. ಛೇತ್ರಿಯವರು ಎದುರಾಳಿಗಳು ಸಿದ್ಧರಾಗುವ ಮುನ್ನವೇ ಹೊಡೆದ ಫ್ರೀ ಕಿಕ್ಕು ಗೋಲೆಂದು ತೀರ್ಪಾದಾಗ, ಕೇರಳ ತಂಡದ ಶಿಕ್ಷಕರಾದ ಸರ್ಬಿಯದ ಮಿ. ಇವಾನ್ ವುಕೊಮಾನೊವಿಚ್ ತಮ್ಮ ಆಟಗಾರರನ್ನು ಅಂಗಳದಿಂದಲೇ ಹೊರಗೆ ಕರೆದುಕೊಂಡರು. ಅವರಿಗೆ ಹತ್ತು ಪಂದ್ಯಗಳ ನಿಷೇಧವೂ ಸಂಘಕ್ಕೆ ನಾಲ್ಕು ಕೋಟಿ ರೂಪಾಯಿಗಳ ದಂಡವೂ ಬಿದ್ದಿತು. ಅವರ ನಡತೆ ಸರಿಯಲ್ಲವೆಂಬುದೇ ನಮ್ಮ ಅಭಿಪ್ರಾಯ. ಆದರೂ ನಿಷೇಧ ಮುಗಿಸಿ ಅಕ್ಟೋಬರಿನಲ್ಲಿ ಕೊಚ್ಚಿಯ ಅಂಗಳಕ್ಕೆ ಅವರು ಕಾಲಿಟ್ಟಾಗ ಕೇರಳದ ಜನ ಅವರನ್ನು ಯುದ್ಧ ಗೆದ್ದು ಬಂದ ವೀರನಂತೆ ಎದುರುಗೊಂಡರು. ಅವರೂ ೨೦೨೪ರ ಏಪ್ರಿಲ್ ತಿಂಗಳಲ್ಲಿ ತೆರಳಬೇಕಾಯಿತು. ಜನರ ಪ್ರೀತಿಯು ದಳವಾಯಿಯ ಕೆಲಸವನ್ನು ಉಳಿಸುವುದಿಲ್ಲ. ಜನರ ಕೋಪವು ಕೆಲಸವನ್ನು ಕಳೆಯುವುದುಂಟು.

ಪ್ರಶ್ನೆಯ ಮರ್ಮವಿರುವುದು ಇಲ್ಲಿಯೇ. ಸಂಘವು ಯಾರದು? ಕಾನೂನಿನ ದೃಷ್ಟಿಯಿಂದ ಬೆಂಗಳೂರು ಎಫ್.ಸಿ. ಮುಂಬಯಿಯಲ್ಲಿ ಕಚೇರಿಯಿರುವ ಜೆ.ಎಸ್.ಡಬ್ಲ್ಯು. ಉದ್ಯಮ ಸಮೂಹದ ಸ್ವತ್ತು. ಆ ಸಮೂಹದ ಉಕ್ಕಿನ ಕುಲುಮೆಗಳು ಉರಿಯುತ್ತಿರುವುದು ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ. ಹಣ ಹಾಕಿದವರಿಗೆ ಶಿಕ್ಷಕನನ್ನು ನೇಮಿಸುವ, ತೆಗೆಯುವ ಅಧಿಕಾರವಿದೆಯೆಂಬುದನ್ನು ಯಾರೂ ಅಲ್ಲಗಳೆಯರು. ಅವರು ಹಣ ಹಾಕದಿದ್ದರೆ ಹಾಡುವುದಕ್ಕೆ ತಂಡವೇ ಇರುತ್ತಿರಲಿಲ್ಲ. ಆದರೆ ಬೇರೆ ದೇಶಗಳ ಪದ್ಧತಿಯನ್ನು ನೋಡಿರಿ. ರೋಕಾ ಅವರು ದುಡಿದು ಬಂದ ಬಾರ್ಸಿಲೋನಾ ಸಂಘದಲ್ಲಿ ಲಕ್ಷಕ್ಕೂ ಮೀರಿದ ಸದಸ್ಯರು ಮತ ಹಾಕಿ ಅಧ್ಯಕ್ಷನನ್ನು ಆರಿಸುತ್ತಾರೆ; ಶಿಕ್ಷಕನ ವಿಷಯದಲ್ಲಿ ತಪ್ಪಿದ ಅಧ್ಯಕ್ಷನು ಮುಂದಿನ ಚುನಾವಣೆಯಲ್ಲಿ ಅದಕ್ಕೆ ಉತ್ತರ ಹೇಳಬೇಕು. ಜರ್ಮನಿಯಲ್ಲಿ ಸಂಘದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸದಸ್ಯರ ಕೈಯಲ್ಲಿಯೇ ಉಳಿಯಬೇಕೆಂಬುದು, ಕೆಲವು ಅಪವಾದಗಳನ್ನು ಬಿಟ್ಟರೆ, ಅಲ್ಲಿಯ ಲೀಗಿನ ನಿಯಮ. ಇದನ್ನೆಲ್ಲ ನಾಳೆಯೇ ಕಂಠೀರವದಲ್ಲಿ ಜಾರಿಗೆ ತರಬೇಕೆಂದು ನಾವು ಹೇಳುವವರಲ್ಲ. ನಾವು ಕೇಳುವುದು ಇಷ್ಟು: ಶಿಕ್ಷಕನೊಬ್ಬನು ಹೋದಾಗ ಏಕೆ ಹೋದನು, ಬಂದವನು ಏಕೆ ಬಂದನು, ಆತನಿಗೆ ಎಷ್ಟು ಕಾಲ ಕೊಡಲಾಗುವುದು, ಈ ನಾಡಿನ ಶಿಕ್ಷಕರನ್ನು ಆ ಸ್ಥಾನಕ್ಕೆ ಪರಿಶೀಲಿಸಲಾಯಿತೆ, ಇಲ್ಲವೆ, ಎಂಬ ವಿಷಯಗಳನ್ನು ಸಂಘದವರು ಅಭಿಮಾನಿಗಳ ಪ್ರತಿನಿಧಿಗಳನ್ನು ಕೂಡಿಸಿಕೊಂಡು ಬಾಯಿಬಿಟ್ಟು ಹೇಳಲಿ. ಪುರಸಭೆಯು ಒಂದು ನಲ್ಲಿಯನ್ನು ಕಿತ್ತು ಇನ್ನೊಂದು ಕಡೆ ನೆಡುವುದಕ್ಕೂ ಕಾರಣ ಕೇಳುವ ಜನ ನಾವು.

ಕಾಲ ಕೊಡುವ ವಿಷಯದಲ್ಲಿ ಅಭಿಮಾನಿಗಳೂ ನಿರ್ದೋಷಿಗಳಲ್ಲವೆಂಬುದನ್ನು ಹೇಳದೆ ಬಿಡುವುದು ನ್ಯಾಯವಾಗದು. ಮಿ. ಜರಗೋಜಾ ಅವರ ಮೊದಲ ವರ್ಷ ಮುಗಿದಾಗ ಹನ್ನೆರಡು ತಂಡಗಳಲ್ಲಿ ಬೆಂಗಳೂರಿನದು ಹತ್ತನೆಯ ಸ್ಥಾನ. ಆಗಲೇ ಅವರನ್ನೂ ಕಳುಹಿಸಿಬಿಡಬೇಕೆಂಬ ಮಾತನ್ನು ಕೇಳಿದ್ದರೆ ೨೦೨೪–೨೫ರ ಋತುವನ್ನು ಕಾಣುವ ಭಾಗ್ಯವಿರುತ್ತಿರಲಿಲ್ಲ. ಆ ಋತುವಿನ ಕೊನೆಯ ಘಟ್ಟದಲ್ಲಿ, ಹಿಂದೆ ನಾಲ್ಕು ಗೋಲುಗಳಿಂದ ಅವಮಾನಗೊಳಿಸಿದ್ದ ಅದೇ ಮುಂಬಯಿಯವರನ್ನು ಅದೇ ಕಂಠೀರವದಲ್ಲಿ ಐದು ಗೋಲುಗಳಿಂದ ಸೋಲಿಸಿ, ಗೋವೆಯನ್ನೂ ದಾಟಿ, ತಂಡವು ೨೦೨೫ರ ಏಪ್ರಿಲ್ ೧೨ರಂದು ಕಲ್ಕತ್ತೆಯಲ್ಲಿ ಮೋಹನ್ ಬಗಾನಿನ ಎದುರು ಅಂತಿಮ ಪಂದ್ಯವನ್ನಾಡಿತು. ಮೊದಲು ಗೋಲಿನಿಂದ ಮುಂದಿದ್ದು, ಹೆಚ್ಚುವರಿ ಕಾಲದಲ್ಲಿ ಎರಡಕ್ಕೊಂದರಿಂದ ಸೋತಿತು. ಅದೇ ವರ್ಷದ ಆಗಸ್ಟಿನಲ್ಲಿ ಶ್ರೀ ಖಾಲಿದ್ ಜಮೀಲರು ಭಾರತ ತಂಡದ ಶಿಕ್ಷಕರಾದಾಗ, ಹದಿಮೂರು ವರ್ಷಗಳ ಮೇಲೆ ನಮ್ಮವನೇ ಬಂದನೆಂದು ದೇಶವೆಲ್ಲ ಹಿಗ್ಗಿತು. ಅಕ್ಟೋಬರಿನಲ್ಲಿ ಸಿಂಗಪುರದವರಿಗೆ ಸೋತ ಸಂಜೆಯೇ ಹಿಗ್ಗಿದ ಬಾಯಿಗಳಿಂದ ಹೊರಟ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಇನ್ನು ಕ್ವಾದ್ರಾತರ ಕಥೆಯಲ್ಲಿ ಒಂದು ಅಧ್ಯಾಯ ಉಳಿದಿದೆ. ಅವರು ತರುವಾಯ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸಂಘವನ್ನು ಸೇರಿ, ೨೦೨೪ರ ಜನವರಿಯಲ್ಲಿ ಆ ಸಂಘಕ್ಕೆ ಸೂಪರ್ ಕಪ್ಪನ್ನು ಗೆದ್ದುಕೊಟ್ಟರು. ಅದೇ ವರ್ಷ ಸೆಪ್ಟೆಂಬರ್ ೧೪ರಂದು ಲೀಗಿನ ಮೊದಲ ಪಂದ್ಯಕ್ಕಾಗಿ ಅವರು ಕಂಠೀರವಕ್ಕೆ ಬಂದರು, ಎದುರಾಳಿಯ ಮೊಗಸಾಲೆಯಲ್ಲಿ ಕುಳಿತು. ಬೆಂಗಳೂರಿನ ಯುವಕ ವಿನೀತ್ ವೆಂಕಟೇಶನು ಹೊಡೆದ ಒಂದೇ ಗೋಲಿನಿಂದ ಅವರ ತಂಡ ಸೋತಿತು. ಮುಂದಿನ ಎರಡು ಪಂದ್ಯಗಳಲ್ಲಿಯೂ ಸೋತಿತು. ತಿಂಗಳ ಮೂವತ್ತನೆಯ ತಾರೀಖಿಗೆ, ಸಾಲಾಗಿ ಮೂರು ಸೋಲುಗಳಾದ ಮೇಲೆ, ಕಲ್ಕತ್ತೆಯಿಂದಲೂ ಅವರ ನಿರ್ಗಮನದ ಪ್ರಕಟಣೆ ಹೊರಟಿತು.