ಗ್ಲಾಕ್ ಕಂಪನಿಗೆ .22 ಪಿಸ್ತೂಲು ಬೇಕಿತ್ತಾ?

ಸೈನ್ಯ, ಪೊಲೀಸರಿಗೆ ಪಿಸ್ತೂಲು ಮಾಡೋ ಕಂಪನಿಗೆ ಪುಟ್ಟ .22 ಗುಂಡಿನ ಉಸಾಬರಿ ಯಾಕೆ? ಇವತ್ತು ಅದನ್ನೇ ನೋಡೋಣ.

ಆಸ್ಟ್ರಿಯಾದ ಗ್ಲಾಕ್ ಹೆಸರು ಮಾಡಿದ್ದು 9 ಎಂಎಂ ಪಿಸ್ತೂಲಿನಿಂದ. 1982ರಲ್ಲಿ ಅಲ್ಲಿನ ಸೈನ್ಯವೇ ಅದನ್ನ ಆರಿಸಿಕೊಳ್ತು. ಅದೇ ಕಂಪನಿ 2020ರಲ್ಲಿ ಗ್ಲಾಕ್ 44 ಅನ್ನೋ .22 ಪಿಸ್ತೂಲನ್ನ ಮಾರುಕಟ್ಟೆಗೆ ತಂತು. ಗಾತ್ರ, ಹಿಡಿತ ಎಲ್ಲ 9 ಎಂಎಂನ ಗ್ಲಾಕ್ 19ರ ಹಾಗೇ.

ತೊಡಕಿರೋದು ಗುಂಡಿನಲ್ಲಿ. 9 ಎಂಎಂ ಕಾಡತೂಸಿಗೆ ಕಿಡಿ ಹೊತ್ತಿಸೋ ಮದ್ದು ಬುಡದ ನಡುವೆ ಇರುತ್ತೆ. .22ರಲ್ಲಿ ಅದು ಬುಡದ ಅಂಚಿನೊಳಗೆ ಸುತ್ತಲೂ ಹರಡಿರುತ್ತೆ. ಸಮನಾಗಿ ಹರಡದಿದ್ರೆ ಟ್ರಿಗರ್ ಒತ್ತಿದ್ರೂ ಗುಂಡು ಹಾರಲ್ಲ. ಹೊರಚಾಚಿದ ಅಂಚುಗಳು ಮ್ಯಾಗಜೀನ್‌ನಲ್ಲಿ ಒಂದಕ್ಕೊಂದು ಸಿಕ್ಕಿಕೊಳ್ಳೋದೂ ಉಂಟು. ನಂಬಿಕೆಯೇ ಬಂಡವಾಳ ಆಗಿರೋ ಕಂಪನಿಗೆ ಇದು ಸಣ್ಣ ಅಪಾಯ ಅಲ್ಲ.

ಆದ್ರೂ ಮಾಡಿದ್ದು ಸರಿ ಅಂತೀನಿ ನಾನು. .22 ಗುಂಡು ಅಗ್ಗ, ಒದೆತ ಕಮ್ಮಿ. ಹೊಸಬರು ಬೆಚ್ಚಿಬೀಳದೆ ಗುರಿ ಹಿಡಿಯೋದನ್ನ ಕಲೀಬಹುದು. ನಮ್ಮ ವಿಜಯ್ ಕುಮಾರ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಿದ್ದೂ .22 ಪಿಸ್ತೂಲಲ್ಲೇ.

ಒಂದು ಷರತ್ತು ಮಾತ್ರ: ಇದು ಕಲಿಯೋಕೆ, ಜೀವ ಕಾಯೋಕಲ್ಲ. ಅದನ್ನ ಮಾರೋರೂ ಹೇಳಬೇಕು, ಕೊಳ್ಳೋರೂ ಮರೀಬಾರದು.