ಕೋವಿಯ ಮೈಮೇಲಿನ ಬರಹ

ತುಮಕೂರಿನಿಂದ ದೇವರಾಯನದುರ್ಗಕ್ಕೆ ಹೋದವರು ಭೋಗಾನರಸಿಂಹ, ಯೋಗಾನರಸಿಂಹರಿಗೆ ಕೈಮುಗಿದು, ನಾಮದ ಚಿಲುಮೆಯ ನೀರು ತಲೆಗೆ ಚಿಮುಕಿಸಿಕೊಂಡು ಬೆಟ್ಟ ಇಳಿಯುತ್ತಾರೆ. 17ನೇ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರು ಗೆದ್ದು ತಮ್ಮ ಹೆಸರಿಟ್ಟ ಈ ದುರ್ಗದ ಸುತ್ತ ಒಂದು ಕಾಲಕ್ಕೆ ಕಬ್ಬಿಣದ ಕುಲುಮೆಗಳು ಉರಿಯುತ್ತಿದ್ದವು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಲು ಬಂದ ಫ್ರಾನ್ಸಿಸ್ ಬುಕಾನನ್ ಇದನ್ನು ಬರೆದಿಟ್ಟಿದ್ದಾನೆ. ಮಧುಗಿರಿ, ಚನ್ನರಾಯನದುರ್ಗಗಳಲ್ಲಿ ಮಳೆನೀರು ಬಂಡೆಗಳಿಂದ ಕೊಚ್ಚಿ ತರುವ ಕರಿಮರಳನ್ನು ಕಾಯಿಸಿದರೆ, ಗುಬ್ಬಿ ಕಡೆಯ ಹಾಗಲವಾಡಿ ಮತ್ತು ದೇವರಾಯನದುರ್ಗಗಳಲ್ಲಿ ಗುಡ್ಡದ ಅದಿರನ್ನೇ ಕರಗಿಸುತ್ತಿದ್ದರಂತೆ. ಈ ಸೀಮೆಯ ಉಕ್ಕು ಕಲ್ಲುಕುಟಿಗರ ಉಳಿಗೆ, ಕತ್ತಿಯ ಅಲಗಿಗೆ, ವಾದ್ಯದ ತಂತಿಗೆ ಹೋಗುತ್ತಿತ್ತು.

ಹೀಗೆ ಕಬ್ಬಿಣ ಕಾಯಿಸಿದ ನೆಲದಲ್ಲಿ ಮುಂದಿನ ನೂರು ವರ್ಷ ಸಿಪಾಯಿಗಳು ಹೆಗಲಿಗೇರಿಸಿದ ಕೋವಿ ಬಹುಪಾಲು ಹಡಗಿನಲ್ಲಿ ಬಂದದ್ದು. ಲಂಡನ್ನಿನಲ್ಲೋ ಬರ್ಮಿಂಗ್‌ಹ್ಯಾಮಿನಲ್ಲೋ ನಳಿಗೆ ಬಡಿಸಿಕೊಂಡು, ಪರೀಕ್ಷೆಯ ಮುದ್ರೆ ಒತ್ತಿಸಿಕೊಂಡು, ಸಮುದ್ರ ದಾಟಿ ಬಂದ ಕೋವಿಗಳವು. ಟಿಪ್ಪುವಿನ ವಿರುದ್ಧದ ಯುದ್ಧದಲ್ಲಿ ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗ 1791ರ ಜೂನ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ಶರಣಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ, ಸಾವನದುರ್ಗ ಬಿದ್ದ ಕೆಲವೇ ದಿನಗಳಲ್ಲಿ, ಹುತ್ರಿದುರ್ಗವೂ ಬಿತ್ತು. ಆ ಬಂಡೆಗಳನ್ನು ಹತ್ತಿದ ಈಸ್ಟ್ ಇಂಡಿಯಾ ಕಂಪನಿ ಸಿಪಾಯಿಗಳ ಜೊತೆ ಬಂದ ಕೋವಿಯ ವಂಶ 19ನೇ ಶತಮಾನದ ನಡುಭಾಗದವರೆಗೂ ಇಲ್ಲಿ ಬೆಳೆಯುತ್ತಲೇ ಹೋಯಿತು.

ಹಳೇ ಮೈಸೂರಿನಲ್ಲಿ ಉದ್ದನೆಯ ಹಳೆ ಕೋವಿ ಎಲ್ಲಿ ಸಿಕ್ಕರೂ ಅದಕ್ಕೆ ಅಂಟುವ ಹೆಸರು ಒಂದೇ, ‘ಟಿಪ್ಪು ಕಾಲದ್ದು’. ಅಭಿಮಾನದ ಮಾತಾದರೂ ಇದರಿಂದ ನಷ್ಟವೇ ಹೆಚ್ಚು. ನಿಜವಾಗಿ ಆ ಕೋವಿ ಎಲ್ಲಿ ಹುಟ್ಟಿತು, ಯಾರ ಕೈಯಲ್ಲಿತ್ತು, ಯಾವಾಗ ರೂಪ ಬದಲಿಸಿತು ಎಂಬ ಕತೆ ಅಲ್ಲಿಗೇ ಮುಚ್ಚಿಹೋಗುತ್ತದೆ. ಆ ಕತೆಯನ್ನು ಕೋವಿಯ ಮೈಮೇಲಿನ ಗುರುತುಗಳಿಂದಲೇ ಓದಿ ತೆಗೆಯುವುದು ಒಂದು ವಿದ್ಯೆ. ಪುಸ್ತಕದ ಜೊತೆಗೆ ಬೆಳಕು, ಭೂತಗನ್ನಡಿ, ಅಳತೆಪಟ್ಟಿ ಮತ್ತು ತುಂಬ ತಾಳ್ಮೆ ಬೇಡುವ ವಿದ್ಯೆ.

ಅದರ ಮೊದಲ ಪಾಠ ಜೀವಕ್ಕೆ ಸಂಬಂಧಿಸಿದ್ದು. ಬಾಯಿಯಿಂದ ಮದ್ದು ತುಂಬುವ ಕೋವಿಯ ಒಳಗೆ ನೂರು ವರ್ಷದ ಹಿಂದಿನ ಮದ್ದುಗುಂಡು ಹಾಗೆಯೇ ಕೂತಿರುವುದುಂಟು. ನಳಿಗೆಯ ಬಾಯಿಯನ್ನು ಯಾರತ್ತಲೂ ತಿರುಗಿಸದೆ, ಬೆಂಕಿಯನ್ನು ದೂರವಿಟ್ಟು, ಮರದ ಕಡ್ಡಿಯೊಂದನ್ನು ಮೆಲ್ಲಗೆ ಒಳಗೆ ಬಿಡಬೇಕು. ಕಡ್ಡಿ ನಿಂತ ಆಳವನ್ನು ಗುರುತು ಮಾಡಿಕೊಂಡು, ಅದನ್ನೇ ನಳಿಗೆಯ ಹೊರಮೈಗೆ ಹಿಡಿದು ನೋಡಬೇಕು. ಬೆಂಕಿ ಹೋಗುವ ತೂತಿಗಿಂತ ಎರಡು ಮೂರು ಅಂಗುಲ ಮುಂಚೆಯೇ ಕಡ್ಡಿ ನಿಂತಿದ್ದರೆ ಒಳಗೆ ಏನೋ ಇದೆ ಎಂದೇ ತಿಳಿದು, ಕೋವಿಯನ್ನು ಅಲ್ಲಿಗೇ ಬಿಟ್ಟು ಬಲ್ಲವರನ್ನು ಕರೆಯಬೇಕು.

ಆಮೇಲೆ ಕಣ್ಣು ಹೋಗಬೇಕಾದದ್ದು ನಳಿಗೆಯ ಬುಡದ ಪಕ್ಕದಲ್ಲಿರುವ ಲಾಕ್ ಕಡೆಗೆ. ಕಿಡಿ ಹುಟ್ಟಿಸುವ ಯಂತ್ರ ಇರುವುದು ಇಲ್ಲೇ. ಅತಿ ಹಳೆಯ ಬತ್ತಿಕೋವಿಯಲ್ಲಿ ಉರಿಯುವ ಹುರಿ ರಂಜಕದ, ಅಂದರೆ ಕಿಡಿ ಹಿಡಿಯುವ ಪುಡಿಮದ್ದಿನ, ಬಟ್ಟಲಿಗೆ ಬಾಗುತ್ತದೆ. ಚಕಮಕಿ ಕೋವಿಯಲ್ಲಿ ಕುದುರೆ ಎಂಬ ಬಡಿಯುವ ಕೊಂಡಿ ಕಚ್ಚಿಕೊಂಡ ಕಲ್ಲು ಉಕ್ಕಿನ ಪಟ್ಟಿಗೆ ಬಡಿದು ಕಿಡಿ ಉದುರಿಸುತ್ತದೆ. ಕೇಪಿನ ಕೋವಿಯಲ್ಲಿ ಸಣ್ಣ ತಾಮ್ರದ ಟೋಪಿಯ ಮೇಲೆ ಕುದುರೆ ಬೀಳುತ್ತದೆ. ಬಡಿದರೆ ಉರಿಯುವ ರಾಸಾಯನಿಕವನ್ನು ಕೋವಿಗೆ ಅಳವಡಿಸಿದ ಹಕ್ಕನ್ನು ಅಲೆಗ್ಸಾಂಡರ್ ಫೋರ್ಸಿತ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಪಡೆದದ್ದು 1807ರಲ್ಲಿ. ಸೇನೆಗಳು ಅದನ್ನು ಒಪ್ಪಿಕೊಳ್ಳಲು ಮೂರು ದಶಕ ಹಿಡಿಯಿತು. ಕಂಪನಿಯ ಸಿಪಾಯಿಗಳಿಗೆ ಕೇಪಿನ ಕೋವಿ ಬಂದದ್ದು 1840ರ ದಶಕದಲ್ಲಿ.

ಈ ನಡುವಿನ ಕಾಲವೇ ಗುರುತು ಹಿಡಿಯುವವರಿಗೆ ಅತ್ಯಂತ ರುಚಿಯ ಕಾಲ. ಒಳ್ಳೆಯ ಚಕಮಕಿ ಕೋವಿಯನ್ನು ಯಾರೂ ಎಸೆಯಲಿಲ್ಲ, ಕೇಪಿಗೆ ಬದಲಾಯಿಸಿಕೊಂಡರು. ರಂಜಕದ ಬಟ್ಟಲನ್ನು ಕತ್ತರಿಸಿ, ಬೆಂಕಿತೂತಿನ ಜಾಗಕ್ಕೆ ಕೇಪು ಕೂರುವ ಮೊಳೆಯನ್ನು ತಿರುಪಿ, ಹೊಸ ಕುದುರೆ ಹಾಕಿದರು. ಆದರೆ ಲಾಕಿನ ಫಲಕದ ಮೇಲೆ ಹಳೆಯ ಸ್ಪ್ರಿಂಗು, ಉಕ್ಕಿನ ಪಟ್ಟಿಗಳನ್ನು ಹಿಡಿದಿದ್ದ ತಿರುಪುಗಳ ತೂತು ಉಳಿಯಿತು. ಅದನ್ನು ತುಂಬಿ ಉಜ್ಜಿದ್ದರೂ ಓರೆ ಬೆಳಕಿನಲ್ಲಿ ಉಂಗುರದ ಹಾಗೆ ಕಾಣುತ್ತದೆ. ಅಂಥ ಎರಡು ಉಂಗುರ ಕಂಡರೆ, ನೋಡಲು 1850ರ ಕೋವಿಯಂತಿದ್ದರೂ ಅದರ ಜನ್ಮ ಇನ್ನೂ ಹಿಂದಿನದು.

ಫಲಕದ ಮೇಲಿನ ಮುದ್ರೆ ಇನ್ನಷ್ಟು ನೇರವಾಗಿ ಹೇಳುತ್ತದೆ. ಹೃದಯದಾಕಾರದ ಚೌಕಟ್ಟು, ಒಳಗೆ ನಾಲ್ಕು ಭಾಗ ಮಾಡಿ ವಿ, ಇ, ಐ, ಸಿ ಎಂಬ ಇಂಗ್ಲಿಷ್ ಅಕ್ಷರಗಳು, ನೆತ್ತಿಯಲ್ಲಿ ನಾಲ್ಕರ ಅಂಕಿಯಂಥ ಗೆರೆ. ಇದು ಈಸ್ಟ್ ಇಂಡಿಯಾ ಕಂಪನಿ ತನ್ನ ಸರಕಿನ ಮೂಟೆಗಳ ಮೇಲೆ ಒತ್ತುತ್ತಿದ್ದ ಗುರುತು. ವ್ಯಾಪಾರಿಯ ಮೂಟೆಯ ಮುದ್ರೆಯೇ ಸಿಪಾಯಿಯ ಕೋವಿಗೂ ಏರಿತು. ಸುಮಾರು 1808ರಿಂದ ಅದರ ಜಾಗಕ್ಕೆ ಹಿಂಗಾಲ ಮೇಲೆ ನಿಂತು ಕಿರೀಟ ಹಿಡಿದ ಸಿಂಹ ಬಂತು. ಹಾಗಾಗಿ ಹೃದಯದ ಮುದ್ರೆಯ ಕೆಳಗೆ 1840 ಎಂಬ ವರ್ಷ ಕಂಡರೆ ಅದನ್ನು ಕೊರೆದವನು ಇತ್ತೀಚಿನ ನಕಲಿಗಾರ ಎಂದು ಸಂಶಯಪಡಲೇಬೇಕು. ಇಂಗ್ಲೆಂಡಿನ ದೊರೆಯ ಸೇನೆಯದಾದರೆ ಕಿರೀಟದ ಕೆಳಗೆ ಜಿ.ಆರ್. ಅಕ್ಷರ ಮತ್ತು ‘ಟವರ್’ ಎಂಬ ಹೆಸರು ಇರುತ್ತದೆ. ವಿಕ್ಟೋರಿಯಾ ಕಾಲಕ್ಕೆ ಅಕ್ಷರ ವಿ.ಆರ್. ಆಗುತ್ತದೆ.

ಕಂಪನಿಗಾಗಿ ರೂಪಿಸಿದ ‘ಇಂಡಿಯಾ ಪ್ಯಾಟರ್ನ್’ ಕೋವಿಯ ಚರಿತ್ರೆ ನಮ್ಮ ಕಡೆಯವರು ತಿಳಿದಿರಲೇಬೇಕಾದದ್ದು. ಇಂಗ್ಲೆಂಡಿನ ಹಳೆಯ ಸೈನಿಕ ಕೋವಿಯ ನಳಿಗೆ 46 ಅಂಗುಲ ಇತ್ತು, ಆಮೇಲಿನದು 42. ಕಂಪನಿ ತನ್ನ ಸಿಪಾಯಿಗಳಿಗೆ 39 ಅಂಗುಲದ, ಸರಳವಾದ, ಅಗ್ಗದ ಕೋವಿ ಮಾಡಿಸಿತು. ಫ್ರಾನ್ಸಿನ ಜೊತೆ ಯುದ್ಧ ಶುರುವಾಗಿ ಕೋವಿಯ ಬರ ಬಂದಾಗ, 1790ರ ದಶಕದಲ್ಲಿ, ಬ್ರಿಟಿಷ್ ಸರ್ಕಾರ ಕಂಪನಿಯ ದಾಸ್ತಾನನ್ನೇ ಕೊಂಡಿತು. ನಂತರ ಅದೇ ಮಾದರಿಯನ್ನು ತನ್ನ ಸೇನೆಗೂ ಲಕ್ಷಗಟ್ಟಲೆ ಮಾಡಿಸಿತು. 1815ರಲ್ಲಿ ವಾಟರ್ಲೂ ಮೈದಾನದಲ್ಲಿ ಇಂಗ್ಲಿಷ್ ಪದಾತಿಗಳ ಕೈಯಲ್ಲಿದ್ದದ್ದು ಬಹುಮಟ್ಟಿಗೆ ಭಾರತಕ್ಕೆಂದು ಹುಟ್ಟಿದ ಈ ಕೋವಿ. ಅದರ ಕುದುರೆಯ ಕತ್ತು ಹಂಸದ ಕತ್ತಿನಂತೆ ತೆಳ್ಳಗೆ ಬಾಗಿದ್ದರೆ ಸುಮಾರು 1809ಕ್ಕಿಂತ ಮುಂಚಿನದು. ಕತ್ತಿನ ನಡುವೆ ತೂತು ಬಿಟ್ಟು ದಪ್ಪಗೆ ಮಾಡಿದ್ದರೆ ನಂತರದ್ದು.

ನಳಿಗೆ ಮರಕ್ಕೆ ಹೇಗೆ ಕೂತಿದೆ ಎಂಬುದು ದೇಶವನ್ನು ಹೇಳುತ್ತದೆ. ಇಂಗ್ಲಿಷರು ಮರದೊಳಗೆ ಅಡ್ಡಮೊಳೆ ತೂರಿಸಿ ನಳಿಗೆಯನ್ನು ಹಿಡಿಸಿದರೆ, ಫ್ರೆಂಚರು ಹೊರಗಿನಿಂದ ಲೋಹದ ಪಟ್ಟಿ ಬಿಗಿದರು. ಬಾಯಿಯ ಅಗಲ ಇಂಗ್ಲಿಷ್ ಕೋವಿಯಲ್ಲಿ ಸುಮಾರು 19 ಮಿಲಿಮೀಟರ್, ಫ್ರೆಂಚ್ ಕೋವಿಯಲ್ಲಿ 17.5. ಶ್ರೀರಂಗಪಟ್ಟಣಕ್ಕೆ ಫ್ರೆಂಚರ ನಂಟಿದ್ದ ಕಾರಣ ಈ ಎರಡನೆಯ ಅಳತೆಯೂ ಮೈಸೂರು ಸೀಮೆಯಲ್ಲಿ ಸಿಕ್ಕರೆ ಅಚ್ಚರಿಯಿಲ್ಲ.

ಹಾಗಾದರೆ ನಿಜವಾದ ಟಿಪ್ಪು ಕೋವಿ ಹೇಗಿರುತ್ತದೆ? ಹುಲಿಯ ಪಟ್ಟೆಯ ವಿನ್ಯಾಸ, ಪಾರಸಿ ಬರಹ, ಕೆಲವದರಲ್ಲಿ ಹುಲಿಯಾಕಾರದ ಕುದುರೆ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅದರ ವರ್ಷ. ಟಿಪ್ಪು ತಂದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ನಾವು 4221 ಎಂದು ಓದುವುದು ನಿಜವಾಗಿ 1224, ಅಂದರೆ ಕ್ರಿ.ಶ. 1796ರ ಸುಮಾರು. ಈ ಕೋವಿಗಳ ಬಗ್ಗೆ ರಾಬಿನ್ ವಿಗಿಂಗ್ಟನ್ 1992ರಲ್ಲಿ ಇಡೀ ಗ್ರಂಥವನ್ನೇ ಹೊರತಂದರು. ಮೈಸೂರು ಅರಮನೆಯ ಆಯುಧಗಳಲ್ಲಿ ಇನ್ನೊಂದು ಗುರುತು ಕಾಣುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆಯುಧಶಾಲೆಯನ್ನು ಅಚ್ಚುಕಟ್ಟು ಮಾಡಿ, ಆಯುಧಗಳಿಗೆ ಸಂಖ್ಯೆ ಕೊಟ್ಟು, ಕನ್ನಡ ಲಿಪಿಯಲ್ಲಿ ‘ಶ್ರೀಕೃಷ್ಣ’ ಎಂದು ಕೊರೆಸಿದರು. ಪರದೇಶದ ಲೋಹದ ಮೇಲೆ ಕನ್ನಡ ಅಕ್ಷರ ಮೂಡಿದ್ದನ್ನು ನೋಡುವ ಸುಖವೇ ಬೇರೆ.

1857 ಬಂದಾಗ ಕೋವಿ ಎಂಬುದು ರಾಜಕೀಯದ ನಟ್ಟನಡುವೆ ನಿಂತಿತು. ಬಾಯಿಯಿಂದ ಕಚ್ಚಿ ಹರಿಯಬೇಕಾದ ತೋಟಾದ ಕೊಬ್ಬಿನ ಸುದ್ದಿ ಎಬ್ಬಿಸಿದ ಕೋಲಾಹಲ ಎಲ್ಲರಿಗೂ ಗೊತ್ತು. ಆ ತೋಟಾ 1853ರ ಮಾದರಿಯ ಎನ್‌ಫೀಲ್ಡ್ ರೈಫಲಿನದು. ಅದರ ನಳಿಗೆಯೂ 39 ಅಂಗುಲ. ಮೂರು ಪಟ್ಟಿ ಬಿಗಿದದ್ದು, ಒಳಗೆ ಸುರುಳಿ ಸುತ್ತುವ ಮೂರು ಗೀರು, ಬಾಯಿ 14.7 ಮಿಲಿಮೀಟರ್. 1857ರಲ್ಲೇ ಆಯುಧ ಒಪ್ಪಿಸಬೇಕೆಂಬ ಕಾಯಿದೆ ಬಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರಿನಲ್ಲಿ ಊರು ಸುಟ್ಟುಹೋಯಿತು, ಸೆರೆಸಿಕ್ಕವರಲ್ಲಿ ಹಲವರನ್ನು ನೇಣಿಗೇರಿಸಿದರು. ಜೆ.ಎಫ್. ಫ್ಲೀಟ್ ಸಂಗ್ರಹಿಸಿದ ಲಾವಣಿಯಲ್ಲಿ ಆ ಸಂಕಟ ಉಳಿದಿದೆ. ಕೊಡಗಿಗೆ ಮಾತ್ರ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ವಿನಾಯಿತಿ ಕೊಡಿಸಿದ. ಕೈಲ್‌ಪೊಳ್ದ್ ಹಬ್ಬದಲ್ಲಿ ಹೂವೇರಿಸಿಕೊಳ್ಳುವ ಅಲ್ಲಿನ ಕೋವಿಗಳಿಗೆ ಆ ವಿನಾಯಿತಿ ಈಗ 2029ರವರೆಗೆ ವಿಸ್ತರಣೆಯಾಗಿದೆ.

1857ರ ಸಿಪಾಯಿ ದಂಗೆ ಅಡಗಿದ ಮೇಲೆ ಸರ್ಕಾರ ಕೈಗೊಂಡ ಕ್ರಮವನ್ನು ಕಾಗದ ನೋಡದೆ, ನಳಿಗೆಯೊಳಗೆ ದೀಪ ಬಿಟ್ಟೇ ಓದಬಹುದು. ದೂರಕ್ಕೆ ಗುರಿ ಇಡುವ ರೈಫಲನ್ನು ಭಾರತೀಯ ಸಿಪಾಯಿಗೆ ಕೊಡಬಾರದೆಂದು ಎನ್‌ಫೀಲ್ಡಿನ ಒಳಗಿನ ಗೀರುಗಳನ್ನು ಕೊರೆದು ನುಣುಪು ಮಾಡಿದರು. ಮೆಟ್ಟಿಲಂತೆ ಏರಿಸಿ ಇಳಿಸುವ ಗುರಿಪಟ್ಟಿಯನ್ನು ಕಿತ್ತು ಕದಲದ ಒಂದು ತುಂಡನ್ನು ಕೂರಿಸಿದರು. ಇದು 1858ರ ಮಾದರಿ. ಕೊರೆದು ತೆಳ್ಳಗಾದ ನಳಿಗೆ ಸುಲಭವಾಗಿ ಉಬ್ಬುತ್ತಿದ್ದುದರಿಂದ ಮರುವರ್ಷ ದಪ್ಪ ನಳಿಗೆಯನ್ನೇ ಹೊಸದಾಗಿ ಮಾಡಿಸಿದರು. ಎರಡರ ಬಾಯಿಯೂ ಸುಮಾರು 16.7 ಮಿಲಿಮೀಟರ್. ಹೊರಗಿನಿಂದ ಎನ್‌ಫೀಲ್ಡ್, ಒಳಗೆ ಗೀರಿಲ್ಲ, ಗುರಿಪಟ್ಟಿ ಕದಲುವುದಿಲ್ಲ ಎಂದರೆ ಕೈಯಲ್ಲಿರುವುದು ಆಳುವವರ ಅಪನಂಬಿಕೆಯ ಪುರಾವೆ. ಕಸುಬುಗಾರಿಕೆಯ ಕುಂದೆಂದು ಅದನ್ನು ಬದಿಗಿಡುವುದು ದೊಡ್ಡ ತಪ್ಪು. 1860ರ ದಶಕದಲ್ಲಿ ಬುಡದ ಎರಡೂವರೆ ಅಂಗುಲ ಕತ್ತರಿಸಿ, ಪಕ್ಕಕ್ಕೆ ತೆರೆಯುವ ಬಾಗಿಲು ಹಚ್ಚಿದ ಸ್ನೈಡರ್ ಬಂತು. ಬಾಯಿಯಿಂದ ಮದ್ದು ತುಂಬುವ ಸೈನಿಕ ಕೋವಿಯ ಯುಗ ಅಲ್ಲಿಗೆ ಮುಗಿಯಿತು.

ಸೇನೆ ಬಿಟ್ಟ ಕೋವಿಗಳು ಹಳ್ಳಿ ಸೇರಿದವು. ಹಂದಿ ಕಾಯಲೆಂದು ನಳಿಗೆ ಕತ್ತರಿಸಿದವರಿದ್ದಾರೆ, ಮರ ಮುರಿದಾಗ ಊರ ಬಡಗಿಯಿಂದ ಹೊಸದನ್ನು ಹಾಕಿಸಿದವರಿದ್ದಾರೆ. ಹೀಗಾಗಿ ಲಾಕ್ ಒಂದು ಕಾಲದ್ದು, ನಳಿಗೆ ಇನ್ನೊಂದು ಕಾಲದ್ದು, ಮರ ಮತ್ತೊಂದು ಕಾಲದ್ದಾಗಿರುವುದು ಸಾಮಾನ್ಯ. ಇದನ್ನು ಕಲಬೆರಕೆ ಎಂದು ತಳ್ಳಬೇಕಿಲ್ಲ. ಒಂದೊಂದು ಭಾಗಕ್ಕೂ ಬೇರೆ ಬೇರೆ ವರ್ಷ ಬರೆದಿಡುವುದೇ ಸರಿಯಾದ ಕ್ರಮ. ಲೈಸೆನ್ಸಿನ ಪುಸ್ತಕದಲ್ಲಂತೂ ಇವೆಲ್ಲ ‘ಎಸ್‌ಬಿಎಂಎಲ್’, ಒಂಟಿ ನಳಿಗೆಯ ಬಾಯಿತುಂಬು ಕೋವಿ, ಅಷ್ಟೆ. ಚುನಾವಣೆ ಬಂದಾಗ ಠಾಣೆಯಲ್ಲಿ ಸಾಲಾಗಿ ಒರಗಿಸಿಟ್ಟ ಕೋವಿಗಳ ನಡುವೆ ಕಂಪನಿಯ ಸಿಂಹವೊಂದು ನಿಂತಿದ್ದರೂ ದಾಖಲೆಗೆ ಅದು ಕಾಣಿಸದು.

ಅದು ಕಾಣಿಸದೆ ಹೋಗಲು ಇನ್ನೊಂದು ಕಾರಣ ನಮ್ಮ ಶುಚಿತ್ವದ ಉತ್ಸಾಹ. ಆಯುಧಪೂಜೆಗೆ ಮುನ್ನ ಉಪ್ಪುಕಾಗದ ಹಿಡಿದು ಫಳಫಳ ಉಜ್ಜಿದರೆ ಮುದ್ರೆ, ವರ್ಷ, ಪರೀಕ್ಷೆಯ ಗುರುತು ಎಲ್ಲವೂ ಪುಡಿಯಾಗಿ ಉದುರುತ್ತವೆ. ಮೆತ್ತನೆ ಬಟ್ಟೆ, ತೆಳು ಎಣ್ಣೆ ಸಾಕು.

ಕಾನೂನಿನ ಕಡೆಯೂ ಒಂದು ಮಾತು. 1959ರ ಶಸ್ತ್ರಾಸ್ತ್ರ ಕಾಯಿದೆಯ 45ನೇ ವಿಧಿ, ರಿಪೇರಿ ಮಾಡಿದರೂ ಹಾರಿಸಲಾಗದ ಹಳೆಯ ಮಾದರಿಯ ಕೋವಿಗೆ ವಿನಾಯಿತಿ ಕೊಡುತ್ತದೆ. ಹಾರಿಸಬಲ್ಲದ್ದಾದರೆ ಎಷ್ಟೇ ಹಳೆಯದಾದರೂ ಲೈಸೆನ್ಸ್ ಬೇಕು. ನೂರು ವರ್ಷ ದಾಟಿದ ವಸ್ತು 1972ರ ಪ್ರಾಚ್ಯವಸ್ತು ಕಾಯಿದೆಯ ವ್ಯಾಪ್ತಿಗೂ ಬರುವುದರಿಂದ ಖಾಸಗಿಯವರು ಅದನ್ನು ದೇಶದ ಆಚೆ ಸಾಗಿಸುವಂತಿಲ್ಲ. ಅಟ್ಟದ ಮೇಲೆ ಅಜ್ಜನ ಕಾಲದ ಕೋವಿ ಸಿಕ್ಕಿದವರು ಮೊದಲು ಠಾಣೆಗೆ ತಿಳಿಸಿ, ಲಾಕ್, ನಳಿಗೆಯ ಬುಡ ಮತ್ತು ಮರದ ಹಿಂತುದಿಯ ಫೋಟೊವನ್ನು ಓರೆ ಬೆಳಕಿನಲ್ಲಿ ತೆಗೆದಿಡಬೇಕು. ನಳಿಗೆಯ ಉದ್ದ, ಬಾಯಿಯ ಅಗಲ ಬರೆದುಕೊಳ್ಳಬೇಕು. 1865ರಲ್ಲಿ ಶುರುವಾಗಿ ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯದವರನ್ನೋ ಪುರಾತತ್ವ ಇಲಾಖೆಯವರನ್ನೋ ಕೇಳಲು ಹೋಗುವಾಗ ಆ ಫೋಟೊ ಮತ್ತು ಅಳತೆ ಇದ್ದರೆ ಸಾಕು, ಕೋವಿಯನ್ನು ಹೊತ್ತುಕೊಂಡು ಬಸ್ಸು ಹತ್ತಬೇಕಿಲ್ಲ.