ರತ್ನಗಂಬಳಿಯ ಗಂಟುಗಳು

ರತ್ನಗಂಬಳಿಯು ನೆಲಕ್ಕೆ ಹಾಸತಕ್ಕ ವಸ್ತುವೆಂದೇ ನಾವು ಬಹುಕಾಲ ಎಣಿಸಿದ್ದೆವು. ಈಗ ಅದು ಚಿತ್ರಶಾಲೆಗಳ ಗೋಡೆಯನ್ನೂ ಏರಿರುವುದರಿಂದ ಅದರ ರಚನೆಯನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಮಗ್ಗದಲ್ಲಿ ಬಿಗಿದ ಹಾಸುನೂಲಿನ ಎರಡೆರಡು ಎಳೆಗಳಿಗೆ ಬಣ್ಣದ ಉಣ್ಣೆಯನ್ನು ಸುತ್ತಿ ಗಂಟಿಕ್ಕುವರು. ಸಾಲು ಮುಗಿದ ಬಳಿಕ ಹೊಕ್ಕುನೂಲನ್ನು ಹಾಯಿಸಿ ಬಿಗಿಯಾಗಿ ಬಡಿಯುವರು. ಚದರ ಅಂಗುಲಕ್ಕೆ 100 ಗಂಟುಗಳಂತೆ ಲೆಕ್ಕವಿಟ್ಟರೂ 6 ಅಡಿ ಅಗಲ, 9 ಅಡಿ ಉದ್ದದ ಕಂಬಳಿಗೆ 7,77,600 ಗಂಟುಗಳು ಬೇಕು!

ಈ ವಿದ್ಯೆಯು ಪುರಾತನವಾದುದು. 1949ರಲ್ಲಿ ಆಲ್ತಾಯ್ ಪರ್ವತಗಳ ಪಜೀರಿಕ್ ಎಂಬಲ್ಲಿ ಹಿಮಗಟ್ಟಿದ ಸಮಾಧಿಯೊಳಗೆ ದೊರೆತ ಕಂಬಳಿಗೆ ಸುಮಾರು 2,400 ವರ್ಷಗಳ ಪ್ರಾಯವುಂಟು. ಇಂಥ ಗಂಟುಗಳಿಂದಲೇ ಅಜರ್‌ಬೈಜಾನಿನ ಕಲಾವಿದರಾದ ಫಾಯಿಗ್ ಅಹ್ಮದರು ಹೊಸ ಕೃತಿಗಳನ್ನು ನೇಯಿಸುತ್ತಾರೆ. ಅವರ ಕೆಲವು ಕಂಬಳಿಗಳಲ್ಲಿ ಸಂಪ್ರದಾಯದ ಚಿತ್ತಾರವು ಅರ್ಧದಲ್ಲಿಯೇ ಕರಗಿ ಕೆಳಗೆ ಸುರಿದಂತೆ ತೋರುವುದು. ಗಣಕಯಂತ್ರದಲ್ಲಿ ರಚಿಸಿದ ನಕ್ಷೆಯನ್ನು ಪೂರ್ಣ ಗಾತ್ರದ ಕಾಗದಕ್ಕೆ ಇಳಿಸಿ ನೇಯುವವರಿಗೆ ಕೊಡುವರು. ಸುರಿದಂತೆ ಕಾಣುವ ಆ ಬಣ್ಣವೂ ಒಂದೊಂದೇ ಗಂಟಾಗಿ ಎಣಿಸಿ ಕಟ್ಟಿದುದೇ ಆಗಿದೆ.

ಆದರೂ ಇಂಥ ಕೃತಿಗಳನ್ನು ಕಂಡವರು ಸಾಮಾನ್ಯವಾಗಿ ನಕ್ಷೆ ಬರೆದವರ ಹೆಸರನ್ನು ಕೇಳುವರೇ ಹೊರತು ಗಂಟಿಕ್ಕಿದವರನ್ನು ವಿಚಾರಿಸುವುದಿಲ್ಲ. ಇದು ನ್ಯಾಯವೆಂದು ನಮಗೆ ತೋರುವುದಿಲ್ಲ. ಕಸೂತಿಯಲ್ಲಿ ತಪ್ಪಿದ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಿದ ನಮ್ಮ ಹಳೆಯ ವಿದ್ಯಾರ್ಥಿನಿಯರು ಆ ಶ್ರಮವನ್ನು ಬಲ್ಲರು. ಪೋಷಕರಲ್ಲಿ ನಮ್ಮ ಅರಿಕೆ ಇಷ್ಟೇ: ಮಗಳ ಕೈಕೆಲಸವನ್ನು ಬರಿಯ ವಿನೋದವೆಂದು ಬದಿಗಿಡಬೇಡಿರಿ. ನಕ್ಷೆ ಬರೆದವರ ಬುದ್ಧಿಯೂ ಗಂಟಿಕ್ಕಿದವರ ಬುದ್ಧಿಯೂ ಒಂದೇ ಕಂಬಳಿಯಲ್ಲಿ ಹಾಸುಹೊಕ್ಕಾಗಿರುವುವು.